ನೊಂದವರ ಮಾತಿಗೆ ಕಡತದ ಬಲ: ಮಾನವ ಹಕ್ಕುಗಳ ಕಾನೂನು ಮತ್ತು ಸಂಶೋಧನಾ ಸಹಾಯಕರು

ತುಮಕೂರು: 2010ರ ಜೂನ್ 28ರಂದು ತುಮಕೂರು ಜಿಲ್ಲೆಯ ಗೋಪಾಲಪುರ ಗ್ರಾಮದಲ್ಲಿ ದಲಿತ ಮಹಿಳೆಯೊಬ್ಬರ ಕೊಲೆ ನಡೆಯಿತು. ಆ ಪ್ರಕರಣದಲ್ಲಿ 21 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿ ತುಮಕೂರಿನ ನ್ಯಾಯಾಲಯ ತೀರ್ಪು ನೀಡಿದ್ದು 2024ರ ನವೆಂಬರ್‌ನಲ್ಲಿ. ನಡುವೆ ಕಳೆದದ್ದು ಹದಿನಾಲ್ಕು ವರ್ಷ.

ಯಾವುದೇ ಪ್ರಕರಣವಿರಲಿ, ಇಷ್ಟು ದೀರ್ಘ ಅವಧಿಯಲ್ಲಿ ತನಿಖಾಧಿಕಾರಿಗಳು ವರ್ಗವಾಗುತ್ತಾರೆ, ಸಾಕ್ಷಿಗಳಿಗೆ ವಯಸ್ಸಾಗುತ್ತದೆ, ಕೆಲವರು ಊರು ಬಿಡುತ್ತಾರೆ, ಕೆಲವರು ತೀರಿಕೊಳ್ಳುತ್ತಾರೆ. ನೆನಪು ಮಸುಕಾದರೂ ಉಳಿಯುವುದು ಮೊದಲ ದಿನಗಳಲ್ಲಿ ಬರೆದಿಟ್ಟ ಕಾಗದ. ದೂರು, ಗಾಯದ ಪ್ರಮಾಣಪತ್ರ, ಮಹಜರು, ಕಚೇರಿಯ ಸ್ವೀಕೃತಿ, ಅಧಿಕಾರಿ ನೀಡಿದ ಹಿಂಬರಹ ಇವೆಲ್ಲ ಕ್ರಮವಾಗಿದ್ದರೆ ನೊಂದವರ ಮಾತಿಗೆ ಆಧಾರ ದೊರೆಯುತ್ತದೆ. ಇಲ್ಲದಿದ್ದರೆ ನಿಜವಾದ ಅನ್ಯಾಯವೂ ಬರಿಯ ಆರೋಪವಾಗಿ ಉಳಿಯುವ ಅಪಾಯವಿದೆ.

ನೊಂದವರ ಪರವಾಗಿ ಈ ಕಾಗದಗಳನ್ನು ಹುಡುಕಿ, ಪರಿಶೀಲಿಸಿ, ಜೋಡಿಸಿಡುವವರೇ ಮಾನವ ಹಕ್ಕುಗಳ ಕ್ಷೇತ್ರದ ಕಾನೂನು ಮತ್ತು ಸಂಶೋಧನಾ ಸಹಾಯಕರು. ನ್ಯಾಯಾಲಯದಲ್ಲಿ ವಾದಿಸುವ ವಕೀಲರ ಹೆಸರು ತೀರ್ಪಿನಲ್ಲಿ ಬರುತ್ತದೆ. ಸಹಾಯಕರ ಹೆಸರು ಎಲ್ಲಿಯೂ ಬರುವುದಿಲ್ಲ. ಆದರೆ ಅವರ ಕೆಲಸದಲ್ಲಿ ಆದ ಲೋಪವನ್ನು ಎಷ್ಟೇ ಸಮರ್ಥರಾದ ವಕೀಲರೂ ಮುಂದೆ ಸರಿಪಡಿಸುವುದು ಕಷ್ಟ.

ಎಲ್ಲೆಲ್ಲಿ ಈ ಕೆಲಸ?

ಇದು ಒಂದೇ ಹೆಸರಿನ, ಒಂದೇ ವೇತನ ಶ್ರೇಣಿಯ ಹುದ್ದೆಯಲ್ಲ. ಸ್ವಯಂಸೇವಾ ಸಂಸ್ಥೆಗಳು, ವಕೀಲರ ಕಚೇರಿಗಳು, ವಿಶ್ವವಿದ್ಯಾಲಯಗಳ ಅಧ್ಯಯನ ಕೇಂದ್ರಗಳು, ಆಯೋಗಗಳು ಹಾಗೂ ಕಾನೂನು ಸೇವಾ ಪ್ರಾಧಿಕಾರಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಈ ಕೆಲಸ ನಡೆಯುತ್ತದೆ. ಬೆಂಗಳೂರಿನಲ್ಲಿ 2000ದಲ್ಲಿ ಆರಂಭವಾದ ಆಲ್ಟರ್ನೇಟಿವ್ ಲಾ ಫೋರಂ ಕಾನೂನು ನೆರವು ಮತ್ತು ಸಂಶೋಧನೆ ಎರಡನ್ನೂ ಜೊತೆಯಾಗಿ ನಡೆಸಿಕೊಂಡು ಬಂದ ಸಂಸ್ಥೆ. 1976ರಲ್ಲಿ ಜಯಪ್ರಕಾಶ ನಾರಾಯಣರು ಸ್ಥಾಪಿಸಿದ ಪಿಯುಸಿಎಲ್ ಸತ್ಯಶೋಧನಾ ವರದಿಗಳ ಪರಂಪರೆಯನ್ನೇ ಬೆಳೆಸಿದೆ. ಜೀತ ವಿಮುಕ್ತಿಗಾಗಿ ದುಡಿಯುತ್ತಿರುವ 'ಜೀವಿಕ' ರಾಜ್ಯದ ಹಲವು ಜಿಲ್ಲೆಗಳಲ್ಲಿ ಜೀತದಾಳುಗಳನ್ನು ಗುರುತಿಸುವ ಕೆಲಸ ಮಾಡಿದೆ. ತುಮಕೂರಿನಲ್ಲಿ ನೆಲೆಗೊಂಡಿರುವ 'ತಮಟೆ' ಸಂಸ್ಥೆ ಪೌರಕಾರ್ಮಿಕರು ಹಾಗೂ ಮಲಹೊರುವ ಪದ್ಧತಿಗೆ ಸಿಲುಕಿದ ಕುಟುಂಬಗಳ ನಡುವೆ ಕೆಲಸ ಮಾಡುತ್ತ ಬಂದಿದೆ.

ಸರ್ಕಾರಿ ವ್ಯವಸ್ಥೆಯೊಳಗೆ ಇದಕ್ಕೆ ಹತ್ತಿರವಾದವರು ಅರೆ ಕಾನೂನು ಸ್ವಯಂಸೇವಕರು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2009ರಲ್ಲಿ ರೂಪಿಸಿದ ಯೋಜನೆಯಂತೆ ಇವರಿಗೆ ತರಬೇತಿ ನೀಡಿ, ಜನರ ಮತ್ತು ಕಾನೂನು ನೆರವಿನ ನಡುವೆ ಸೇತುವೆಯಾಗಿ ಬಳಸಿಕೊಳ್ಳಲಾಗುತ್ತದೆ.

ಗುಬ್ಬಿ, ಕುಣಿಗಲ್, ತುಮಕೂರು: ಕಡತದ ದಾರಿ

ತುಮಕೂರು ಜಿಲ್ಲೆಯಲ್ಲಿ ಹತ್ತು ತಾಲ್ಲೂಕುಗಳಿವೆ. ಕಂದಾಯ ಆಡಳಿತದಲ್ಲಿ ಗುಬ್ಬಿ ಮತ್ತು ಕುಣಿಗಲ್ ಎರಡೂ ತುಮಕೂರು ಉಪವಿಭಾಗಕ್ಕೆ ಸೇರಿವೆ. ಸಹಾಯಕರ ಪಾಲಿಗೆ ಇದು ಮುಖ್ಯ ಮಾಹಿತಿ. ತಹಶೀಲ್ದಾರರ ಕಚೇರಿ ಮತ್ತು ಕೆಳಹಂತದ ನ್ಯಾಯಾಲಯ ತಾಲ್ಲೂಕು ಕೇಂದ್ರದಲ್ಲಿದ್ದರೂ, ಹಕ್ಕುಗಳಿಗೆ ಸಂಬಂಧಿಸಿದ ಅನೇಕ ಅಧಿಕಾರಗಳು ತುಮಕೂರಿನಲ್ಲಿರುವ ಉಪವಿಭಾಗಾಧಿಕಾರಿಗಳ ಕೈಯಲ್ಲಿವೆ. ಜೀತ ಪದ್ಧತಿ ರದ್ದತಿ ಕಾಯ್ದೆ ಮತ್ತು ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ನಿಯಮಗಳು ಜಿಲ್ಲಾ ಮಟ್ಟದಲ್ಲಿ ಒಂದು, ಉಪವಿಭಾಗ ಮಟ್ಟದಲ್ಲಿ ಒಂದು ಜಾಗೃತಿ ಸಮಿತಿಯನ್ನು ಕಡ್ಡಾಯಗೊಳಿಸಿವೆ.

ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ಜಿಲ್ಲಾ ನ್ಯಾಯಾಲಯ ಮತ್ತು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುವುದೂ ತುಮಕೂರಿನಲ್ಲೇ. ಹೈಕೋರ್ಟ್ ಹಾಗೂ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕು. ಹಳ್ಳಿಯ ಕೂಲಿಕಾರರಿಗೆ ಒಂದು ದಿನದ ಓಡಾಟವೆಂದರೆ ಒಂದು ದಿನದ ಕೂಲಿ ನಷ್ಟ. ಯಾವ ಅರ್ಜಿ ಯಾವ ಮೇಜಿಗೆ ಹೋಗಬೇಕೆಂದು ಮೊದಲೇ ತಿಳಿದಿದ್ದರೆ ಆ ನಷ್ಟ ತಪ್ಪುತ್ತದೆ. ಸಹಾಯಕರ ಉಪಯೋಗ ಆರಂಭವಾಗುವುದು ಇಲ್ಲಿಂದ.

ಮೊದಲ ಕೆಲಸ ಕೇಳಿಸಿಕೊಳ್ಳುವುದು

ನೊಂದವರು ತಮಗಾದದ್ದನ್ನು ಕಾಲಾನುಕ್ರಮದಲ್ಲಿ ಹೇಳುವುದಿಲ್ಲ. ಹೆಚ್ಚು ನೋವಾದ ಸಂಗತಿಯಿಂದ ಆರಂಭಿಸುತ್ತಾರೆ. 'ಮಾರನೇ ದಿನ', 'ಹಬ್ಬ ಆದ ಮೇಲೆ', 'ರಾಗಿ ಕುಯ್ಲಿನ ಹೊತ್ತಿಗೆ' ಎಂಬುದು ಹಳ್ಳಿಯ ಕಾಲಗಣನೆ. ಅದನ್ನು ತಾರೀಖಿಗೆ ತಾಳೆ ಹಾಕುವುದು ಸಹಾಯಕರ ಕೆಲಸ. ಆದರೆ ನೆನಪಿಲ್ಲದ ತಾರೀಖನ್ನು ತಾವಾಗಿ ತುಂಬುವಂತಿಲ್ಲ. ಊಹಿಸಿ ಬರೆದ ಒಂದು ದಿನಾಂಕ ಆಸ್ಪತ್ರೆಯ ದಾಖಲೆಗೆ ಹೊಂದದೇ ಹೋದರೆ, ಪಾಟೀ ಸವಾಲಿನಲ್ಲಿ ಇಡೀ ಹೇಳಿಕೆಯೇ ಸುಳ್ಳೆಂದು ವಾದಿಸಲು ಎದುರಾಳಿಗೆ ಅವಕಾಶವಾಗುತ್ತದೆ.

ಆದ್ದರಿಂದ ಕಂಡದ್ದು, ಕೇಳಿದ್ದು ಮತ್ತು ಊಹಿಸಿದ್ದು ಈ ಮೂರನ್ನೂ ಪ್ರತ್ಯೇಕವಾಗಿ ಬರೆದುಕೊಳ್ಳುವುದು ರೂಢಿ. ಹೇಳಿಕೆಯನ್ನು ಹೇಳಿದವರ ಮಾತಿನಲ್ಲೇ ಬರೆದು, ಅವರಿಗೆ ಓದಿ ಹೇಳಿ, ಒಪ್ಪಿದ ಮೇಲೆ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಪಡೆಯಲಾಗುತ್ತದೆ. ಮೂಲ ಕಾಗದಗಳನ್ನು ಅವರಲ್ಲೇ ಬಿಟ್ಟು ನಕಲು ಮಾತ್ರ ತೆಗೆದುಕೊಳ್ಳುವುದು ಕ್ಷೇಮ.

ಜೀತವೆಂದು ಸಾಬೀತುಪಡಿಸುವುದು ಹೇಗೆ?

ಕಡತದ ಮಹತ್ವ ತಿಳಿಯಲು ಜೀತದ ಉದಾಹರಣೆ ಸೂಕ್ತ. ಇಟ್ಟಿಗೆಗೂಡಿನಲ್ಲೋ ತೋಟದಲ್ಲೋ ಕುಟುಂಬವೊಂದು ಮುಂಗಡ ಹಣ ಪಡೆದು ದುಡಿಯುತ್ತಿದೆ ಎಂದುಕೊಳ್ಳೋಣ. ಸರಪಳಿ ಇಲ್ಲ, ಬೀಗವಿಲ್ಲ. ಹಾಗಾಗಿ ಇದು ಜೀತವಲ್ಲ, ಬರಿಯ ಕೂಲಿ ತಕರಾರು ಎಂಬ ಮಾತು ಕೇಳಿಬರುವುದು ಸಹಜ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಮಾತ್ರ ಸರಪಳಿಯನ್ನು ಕೇಳುವುದಿಲ್ಲ. ಮುಂಗಡದ ಕಾರಣಕ್ಕೆ ಬೇರೆಡೆ ದುಡಿಯುವ, ಓಡಾಡುವ ಅಥವಾ ತಕ್ಕ ಕೂಲಿ ಪಡೆಯುವ ಸ್ವಾತಂತ್ರ್ಯ ಇಲ್ಲವಾಗಿದೆಯೇ ಎಂಬುದೇ ಅಲ್ಲಿನ ಪ್ರಶ್ನೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ. ಸಾಲವು ಜೀತದ ಸಾಲವಲ್ಲ ಎಂದು ಸಾಬೀತುಪಡಿಸುವ ಹೊಣೆಯನ್ನು ಕಾಯ್ದೆಯ 15ನೇ ಕಲಂ ಸಾಲ ಕೊಟ್ಟವನ ಮೇಲೇ ಹೊರಿಸಿದೆ.

ಇಲ್ಲಿ ಸಹಾಯಕರು ಕೇಳಬೇಕಾದ ಪ್ರಶ್ನೆಗಳು ನಿರ್ದಿಷ್ಟ. ಮುಂಗಡ ಎಷ್ಟು, ಯಾರ ಎದುರು ಕೊಟ್ಟರು? ಕೂಲಿಯಲ್ಲಿ ಎಷ್ಟು ಮುರಿದುಕೊಂಡರು? ಊರಿಗೆ ಹೋಗಲು ಬಿಟ್ಟರೇ? ಬಿಟ್ಟರೆ ಒತ್ತೆಯಾಗಿ ಯಾರನ್ನು ಉಳಿಸಿಕೊಂಡರು? ಮಕ್ಕಳು ಶಾಲೆಗೆ ಹೋಗುತ್ತಿದ್ದರೇ? ಕೂಲಿ ಬರೆದಿಟ್ಟ ಚೀಟಿ ಅಥವಾ ನೋಟ್‌ಬುಕ್ ಇದೆಯೇ?

ವಿಚಾರಣೆಯ ನಂತರ ಜೀತ ಖಚಿತವಾದರೆ ಉಪವಿಭಾಗಾಧಿಕಾರಿ ಬಿಡುಗಡೆ ಪತ್ರ ನೀಡುತ್ತಾರೆ. ಈ ಒಂದು ಕಾಗದದಿಂದ ಹಲವು ಬಾಗಿಲುಗಳು ತೆರೆಯುತ್ತವೆ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣದ ನೆರವು 30,000 ರೂಪಾಯಿವರೆಗೆ ದೊರೆಯುತ್ತದೆ. 2016ರಲ್ಲಿ ಪರಿಷ್ಕೃತವಾದ ಈ ಯೋಜನೆ ವಯಸ್ಕ ಪುರುಷರಿಗೆ 1 ಲಕ್ಷ, ಮಹಿಳೆಯರು ಮತ್ತು ಮಕ್ಕಳಿಗೆ 2 ಲಕ್ಷ, ತೀವ್ರ ಶೋಷಣೆಯ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿಗಳ ಪರಿಹಾರವನ್ನು ನಿಗದಿಪಡಿಸಿದೆ. ಬಿಡುಗಡೆ ಪತ್ರ ಕೈಗೆ ಬಾರದೆ ಕುಟುಂಬವನ್ನು ಬರಿದೇ ಊರಿಗೆ ಕಳುಹಿಸಿದರೆ, ಬಡತನ ಅವರನ್ನು ಮತ್ತೊಬ್ಬರ ಮುಂಗಡಕ್ಕೆ ತಳ್ಳುವುದು ಬಹುಮಟ್ಟಿಗೆ ನಿಶ್ಚಿತ.

ದೌರ್ಜನ್ಯ ಪ್ರಕರಣಗಳಲ್ಲಿ

2022ರ ಏಪ್ರಿಲ್‌ನಲ್ಲಿ ಗುಬ್ಬಿ ತಾಲ್ಲೂಕಿನ ಪೆದ್ದನಹಳ್ಳಿಯಲ್ಲಿ ಕಳ್ಳತನದ ಶಂಕೆಯ ಮೇಲೆ ಇಬ್ಬರು ದಲಿತ ಯುವಕರ ಹತ್ಯೆ ನಡೆದು ಜಿಲ್ಲೆ ತಲ್ಲಣಿಸಿತ್ತು. ಇಂತಹ ಪ್ರಕರಣಗಳಲ್ಲಿ ಶಿಕ್ಷೆಯ ಪ್ರಶ್ನೆ ವರ್ಷಗಟ್ಟಲೆ ನಡೆಯಬಹುದು. ಆದರೆ ಕುಟುಂಬಕ್ಕೆ ಕಾನೂನು ಕೊಟ್ಟಿರುವ ಕೆಲವು ಹಕ್ಕುಗಳು ಮೊದಲ ದಿನದಿಂದಲೇ ಜಾರಿಯಾಗಬೇಕಾದವು.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡ (ದೌರ್ಜನ್ಯ ತಡೆ) ಕಾಯ್ದೆ, 1989ಕ್ಕೆ ತಂದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂದಿತು. ಅದರ ಮೂಲಕ ಸೇರಿದ 15ಎ ಕಲಂ ಸಂತ್ರಸ್ತರಿಗೆ ಜಾಮೀನು ಸೇರಿದಂತೆ ಪ್ರಕರಣದ ಎಲ್ಲ ಹಂತಗಳಲ್ಲಿ ಮಾಹಿತಿ ಪಡೆಯುವ ಮತ್ತು ತಮ್ಮ ಮಾತು ಹೇಳುವ ಹಕ್ಕು ನೀಡಿದೆ. ಸ್ವಯಂಸೇವಾ ಸಂಸ್ಥೆ, ಸಮಾಜ ಕಾರ್ಯಕರ್ತರು ಅಥವಾ ವಕೀಲರ ನೆರವು ಪಡೆಯುವುದು ಸಂತ್ರಸ್ತರ ಹಕ್ಕು ಎಂದೂ ಇದೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಠಾಣೆಯಲ್ಲಿ 'ನೀವು ಯಾರು?' ಎಂಬ ಪ್ರಶ್ನೆ ಎದುರಾದಾಗ ಸಹಾಯಕರಿಗೆ ಇರುವ ಕಾನೂನಿನ ಉತ್ತರ ಇದು.

ತನಿಖೆಯನ್ನು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ನಡೆಸಿ 60 ದಿನಗಳಲ್ಲಿ ಮುಗಿಸಬೇಕೆಂಬುದು ನಿಯಮ. ಕೊಲೆ ಪ್ರಕರಣದಲ್ಲಿ 8.25 ಲಕ್ಷ ರೂಪಾಯಿ ಪರಿಹಾರಕ್ಕೆ 2016ರ ನಿಯಮ ಅವಕಾಶ ಕಲ್ಪಿಸಿದ್ದು, ಅರ್ಧ ಮರಣೋತ್ತರ ಪರೀಕ್ಷೆಯ ನಂತರ, ಉಳಿದರ್ಧ ದೋಷಾರೋಪ ಪಟ್ಟಿ ನ್ಯಾಯಾಲಯಕ್ಕೆ ಹೋದ ಮೇಲೆ ಸಲ್ಲಬೇಕು. ಅಂದರೆ ತೀರ್ಪಿಗಾಗಿ ಕಾಯಬೇಕಿಲ್ಲ. ಆದರೆ ಮರಣೋತ್ತರ ವರದಿ, ಜಾತಿ ಪ್ರಮಾಣಪತ್ರ, ಬ್ಯಾಂಕ್ ಖಾತೆಯ ವಿವರ ಒಟ್ಟಾಗಿಲ್ಲದಿದ್ದರೆ ಹಣ ಖಜಾನೆಯಲ್ಲೇ ಉಳಿಯುತ್ತದೆ. ಇವನ್ನು ಒದಗಿಸಿ, ಮಂಜೂರಾಗುವವರೆಗೆ ಬೆನ್ನು ಹತ್ತುವುದೂ ಸಹಾಯಕರ ಕೆಲಸ.

ಮಲಗುಂಡಿ ಮತ್ತು ಒಳಚರಂಡಿ ದುರಂತಗಳಿಗೂ ಇದು ಅನ್ವಯಿಸುತ್ತದೆ. 2013ರ ಕಾಯ್ದೆ ಇಂತಹ ಅಪಾಯಕಾರಿ ಕೆಲಸಕ್ಕೆ ಜನರನ್ನು ಇಳಿಸುವುದನ್ನು ಅಪರಾಧವಾಗಿಸಿದೆ. ಸಾವಿಗೆ ನೀಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ರೂಪಾಯಿ ಎಂದು ನಿಗದಿಪಡಿಸಿತ್ತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮೃತರನ್ನು ಕೆಲಸಕ್ಕೆ ಕರೆದವರು ಯಾರೆಂಬುದೇ ಇಲ್ಲಿ ಮೂಲಪ್ರಶ್ನೆ. ಗುತ್ತಿಗೆಯ ಕಾಗದ, ಹಾಜರಾತಿ ಪುಸ್ತಕ, ಅಂದಿನ ಫೋನ್ ಕರೆಗಳು ಬೇಗನೆ ಸಿಕ್ಕದಿದ್ದರೆ ಮುಂದೆ ಸಿಗುವುದು ದುರ್ಲಭ.

ಆಯೋಗಕ್ಕೆ ದೂರು

ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ ಬಂದದ್ದು 1993ರಲ್ಲಿ. ಅದೇ ವರ್ಷ ಸ್ಥಾಪನೆಯಾದ ರಾಷ್ಟ್ರೀಯ ಆಯೋಗಕ್ಕೆ ಎಂ.ಎನ್. ವೆಂಕಟಾಚಲಯ್ಯ, ಎಸ್. ರಾಜೇಂದ್ರ ಬಾಬು ಮತ್ತು ಎಚ್.ಎಲ್. ದತ್ತು ಈ ಮೂವರು ಕನ್ನಡಿಗ ನ್ಯಾಯಮೂರ್ತಿಗಳು ಅಧ್ಯಕ್ಷರಾಗಿದ್ದರು. ಕರ್ನಾಟಕ ರಾಜ್ಯ ಆಯೋಗ 2007ರಲ್ಲಿ ನ್ಯಾಯಮೂರ್ತಿ ಎಸ್.ಆರ್. ನಾಯಕ್ ಅವರ ಅಧ್ಯಕ್ಷತೆಯಲ್ಲಿ ಕಾರ್ಯಾರಂಭ ಮಾಡಿತು.

ಆಯೋಗಕ್ಕೆ ದೂರು ನೀಡಲು ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ಆಯೋಗ ಆ ವಿಷಯದ ವಿಚಾರಣೆ ನಡೆಸುವಂತಿಲ್ಲ. ಈಗಾಗಲೇ ಬೇರೊಂದು ಆಯೋಗದ ಮುಂದಿರುವ ವಿಷಯವನ್ನೂ ಅದು ಎತ್ತಿಕೊಳ್ಳುವಂತಿಲ್ಲ. ಹೆಚ್ಚು ಕಡೆ ಅರ್ಜಿ ಹಾಕಿದರೆ ಹೆಚ್ಚು ಬಲವೆಂಬ ನಂಬಿಕೆಯಿಂದ ಎಲ್ಲ ಆಯೋಗಗಳಿಗೂ ಒಂದೇ ದೂರು ಕಳುಹಿಸುವವರು ಇದನ್ನು ಮರೆಯಬಾರದು.

ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಆಯೋಗಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಆದರೆ ವಿಚಾರಣೆಯ ಕೊನೆಯಲ್ಲಿ ಅದು ಮಾಡುವುದು ಶಿಫಾರಸು, ಶಿಕ್ಷೆ ವಿಧಿಸುವುದಿಲ್ಲ. ಈ ವ್ಯತ್ಯಾಸವನ್ನು ದೂರುದಾರರಿಗೆ ಆರಂಭದಲ್ಲೇ ತಿಳಿಸುವುದು ಪ್ರಾಮಾಣಿಕತೆ. ನಿಜವಾಗದ ಭರವಸೆ ನೊಂದವರನ್ನು ಎರಡನೇ ಬಾರಿ ನೋಯಿಸುತ್ತದೆ.

ಮಾಹಿತಿ ಹಕ್ಕು ಮತ್ತು ಡಿಜಿಟಲ್ ಸಾಕ್ಷ್ಯ

ಸಂಶೋಧನೆಯ ಭಾಗದಲ್ಲಿ ಬಹುಮುಖ್ಯ ಸಾಧನ 2005ರ ಮಾಹಿತಿ ಹಕ್ಕು ಕಾಯ್ದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. 'ಎಲ್ಲ ಮಾಹಿತಿ ಕೊಡಿ' ಎಂಬ ಅರ್ಜಿಗಿಂತ 'ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಉಪವಿಭಾಗ ಜಾಗೃತಿ ಸಮಿತಿಯ ಸಭಾ ನಡವಳಿಗಳ ನಕಲು' ಎಂಬ ಅರ್ಜಿ ಫಲ ಕೊಡುತ್ತದೆ. ನಿಯಮದಂತೆ ಮೂರು ತಿಂಗಳಿಗೊಮ್ಮೆ ಸೇರಬೇಕಾದ ದೌರ್ಜನ್ಯ ಜಾಗೃತಿ ಸಮಿತಿ ಸೇರಿದೆಯೇ ಇಲ್ಲವೇ ಎಂಬುದು ಇಂತಹ ಒಂದು ಪುಟದಿಂದಲೇ ತಿಳಿದುಬಿಡುತ್ತದೆ.

ನ್ಯಾಯಾಲಯದ ಪ್ರಕರಣಗಳನ್ನು ಇ-ಕೋರ್ಟ್ಸ್ ತಾಣದಲ್ಲಿ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯ ಮೂಲಕ ನೋಡಬಹುದು. ಮುಂದಿನ ದಿನಾಂಕ ತಿಳಿಯಲೆಂದೇ ಕುಣಿಗಲ್ಲಿನಿಂದ ತುಮಕೂರಿಗೆ ಬಸ್ಸು ಹತ್ತುವ ಅಗತ್ಯ ಈಗಿಲ್ಲ.

2024ರ ಜುಲೈ 1ರಿಂದ ಹೊಸ ಅಪರಾಧ ಕಾನೂನುಗಳು ಜಾರಿಯಲ್ಲಿವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ನೀಡಬೇಕು. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕು. ಮೊಬೈಲ್ ಚಿತ್ರ, ಧ್ವನಿಮುದ್ರಣಗಳನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಆದ್ದರಿಂದ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಪ್ರತಿಗಿಂತ ಚಿತ್ರ ತೆಗೆದ ಮೂಲ ಫೋನನ್ನು ಜೋಪಾನವಾಗಿಡುವುದು ಮುಖ್ಯ.

ಗಮನದಲ್ಲಿರಬೇಕಾದ ಗಡುವುಗಳು

- ಬಂಧಿತರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು: ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ.
- ಮಾಹಿತಿ ಹಕ್ಕು ಅರ್ಜಿಗೆ ಉತ್ತರ: 30 ದಿನ, ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದರೆ 48 ಗಂಟೆ.
- ಮಾಹಿತಿ ಹಕ್ಕಿನ ಮೊದಲ ಮೇಲ್ಮನವಿ: 30 ದಿನದೊಳಗೆ; ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ: 90 ದಿನದೊಳಗೆ.
- ದೌರ್ಜನ್ಯ ಪ್ರಕರಣದ ತನಿಖೆ: 60 ದಿನ.
- ಮಾನವ ಹಕ್ಕುಗಳ ಆಯೋಗಕ್ಕೆ ದೂರು: ಘಟನೆಯಿಂದ ಒಂದು ವರ್ಷದೊಳಗೆ.

ದಾಟಬಾರದ ಗೆರೆಗಳು

ಸಹಾಯಕರು ತನಿಖಾಧಿಕಾರಿಯೂ ಅಲ್ಲ, ನ್ಯಾಯಾಧೀಶರೂ ಅಲ್ಲ. ಸಾಕ್ಷಿಗಳಿಗೆ ಹೇಳಿಕೆ ಕಲಿಸಿಕೊಡುವುದು, ಹಣದ ಆಮಿಷ ತೋರಿಸುವುದು, ಘಟನಾ ಸ್ಥಳದ ವಸ್ತುಗಳನ್ನು ಮುಟ್ಟುವುದು ಪ್ರಕರಣವನ್ನೇ ಕೆಡಿಸುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹಾಗೂ ಮಕ್ಕಳ ಗುರುತು ಬಹಿರಂಗಪಡಿಸುವುದು ಅಪರಾಧ. ಸಣ್ಣ ಊರಿನಲ್ಲಿ ಹೆಸರು ಹೇಳದೆ ಬೀದಿ, ಶಾಲೆ, ತಂದೆಯ ಉದ್ಯೋಗ ಹೇಳಿದರೂ ಗುರುತು ಬಯಲಾದಂತೆಯೇ.

ಎಲ್ಲಕ್ಕಿಂತ ಮಿಗಿಲಾದದ್ದು ಒಪ್ಪಿಗೆ. ದೂರು ಕೊಟ್ಟ ಮೇಲೂ ಆ ಕುಟುಂಬ ಅದೇ ಊರಿನಲ್ಲಿ ಬಾಳಬೇಕು. ಅದೇ ಜಮೀನಿನವರ ಬಳಿ ಕೂಲಿ ಕೇಳಬೇಕಾಗಬಹುದು. ಮುಂದುವರಿಯಬೇಕೋ ಬೇಡವೋ ಎಂಬ ನಿರ್ಧಾರ ಅವರದೇ ಆಗಿರಬೇಕು. ವರದಿ ಚೆನ್ನಾಗಿ ಬರಲೆಂದು ಅವರನ್ನು ಮುಂದೆ ತಳ್ಳುವುದು ಮಾನವ ಹಕ್ಕುಗಳ ಹೆಸರಿನಲ್ಲಿಯೇ ಆಗುವ ಅನ್ಯಾಯ.

ಅರ್ಹತೆ ಮತ್ತು ಪ್ರವೇಶ

ಕಾನೂನು ಪದವಿ ಇದ್ದರೆ ಅನುಕೂಲ. ಸಮಾಜಕಾರ್ಯ, ಸಮಾಜಶಾಸ್ತ್ರ, ಪತ್ರಿಕೋದ್ಯಮ ಓದಿದವರೂ ಈ ಕ್ಷೇತ್ರದಲ್ಲಿದ್ದಾರೆ. ತುಮಕೂರಿನಲ್ಲಿ ವಿದ್ಯೋದಯ ಕಾನೂನು ಕಾಲೇಜು ಇದೆ. 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾಲಯವೂ ಇದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಮಾನವ ಹಕ್ಕುಗಳ ಕಾನೂನಿನಲ್ಲಿ ಸ್ನಾತಕೋತ್ತರ ಡಿಪ್ಲೊಮಾವನ್ನು ದೂರಶಿಕ್ಷಣದಲ್ಲಿ ನಡೆಸಿಕೊಂಡು ಬಂದಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ನೀಡುತ್ತದೆ.

ಕನ್ನಡದಲ್ಲಿ ಕೇಳಿ, ಕನ್ನಡದಲ್ಲಿ ಬರೆದು, ಅಗತ್ಯ ಬಿದ್ದಾಗ ಇಂಗ್ಲಿಷಿಗೆ ತಪ್ಪಿಲ್ಲದೆ ತರಬಲ್ಲವರಿಗೆ ಬೇಡಿಕೆ ಹೆಚ್ಚು. ಹಳ್ಳಿಯ ಹೇಳಿಕೆ ಹೈಕೋರ್ಟಿನ ಅರ್ಜಿಯಾಗುವ ನಡುವೆ ಅರ್ಥ ಕಳೆದುಹೋಗುವುದು ಭಾಷಾಂತರದ ಹಂತದಲ್ಲೇ.

ಒಂದು ತೊಡಕನ್ನು ಕಾನೂನು ಪದವೀಧರರು ತಿಳಿದಿರಬೇಕು. ಸನ್ನದು ಪಡೆದು ವಕೀಲಿ ವೃತ್ತಿ ನಡೆಸುವವರು ಪೂರ್ಣಾವಧಿ ಸಂಬಳದ ನೌಕರರಾಗಿರುವಂತಿಲ್ಲ ಎಂಬುದು ಭಾರತೀಯ ವಕೀಲರ ಪರಿಷತ್ತಿನ ನಿಯಮ. ಸಂಸ್ಥೆಯ ಪೂರ್ಣಾವಧಿ ಕೆಲಸಕ್ಕೆ ಸೇರುವ ಮುನ್ನ ಇದನ್ನು ಇತ್ಯರ್ಥಪಡಿಸಿಕೊಳ್ಳಬೇಕು. ಸಂಸ್ಥೆಗಳ ಹುದ್ದೆಗಳು ಬಹುಪಾಲು ಯೋಜನೆಯ ಅವಧಿಗೆ ಸೀಮಿತವೆಂಬುದೂ ನಿಜ. ಅನುದಾನ ಮುಗಿದರೆ ಹುದ್ದೆಯೂ ಮುಗಿಯುತ್ತದೆ. ಪ್ರಕರಣ ಮಾತ್ರ ನ್ಯಾಯಾಲಯದಲ್ಲಿ ಉಳಿದಿರುತ್ತದೆ. ಹೀಗಾಗಿಯೇ ತಮ್ಮ ನಂತರ ಬರುವವರು ಓದಿ ಅರ್ಥಮಾಡಿಕೊಳ್ಳುವಂತೆ ಕಡತ ಇಡುವುದು ಈ ವೃತ್ತಿಯ ಮೊದಲ ಶಿಸ್ತು.

ನೆರವು ಬೇಕಾದವರಿಗೆ

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಮಾನವ ಸಾಗಣೆ ಅಥವಾ ಬಿಟ್ಟಿ ದುಡಿಮೆಗೆ ಒಳಗಾದವರು ಹಾಗೂ ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಗುಬ್ಬಿ ಮತ್ತು ಕುಣಿಗಲ್‌ನವರು ತಮ್ಮ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು, ತುಮಕೂರಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ರಾಷ್ಟ್ರೀಯ ಸಹಾಯವಾಣಿ 15100.

ಯಾವ ಕಚೇರಿಗೆ ಹೋದರೂ ಅರ್ಜಿಯ ಎರಡನೇ ಪ್ರತಿಯ ಮೇಲೆ ಟಪಾಲು ವಿಭಾಗದ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳುವುದನ್ನು ಮರೆಯಬಾರದು. ಹತ್ತು ವರ್ಷಗಳ ನಂತರ ನ್ಯಾಯಾಲಯ 'ನೀವು ಆಗಲೇ ಏಕೆ ದೂರು ಕೊಡಲಿಲ್ಲ?' ಎಂದು ಕೇಳಿದರೆ ಆ ಮೊಹರೇ ಉತ್ತರ.